ಮೇಷ್ಟ್ರು ಶಾಸಕರಾಗುವ ದಾರಿ

ಪಾಠ ಹೇಳುವವರ ದನಿ ಶಾಸನಸಭೆಯಲ್ಲಿಯೂ ಕೇಳಬೇಕೆಂಬುದಕ್ಕೆ ಭಾರತದ ಸಂವಿಧಾನ 171ನೆಯ ವಿಧಿಯಲ್ಲಿ ಒಂದು ಲೆಕ್ಕವನ್ನೇ ಇಟ್ಟಿದೆ. ವಿಧಾನ ಪರಿಷತ್ತು ಇರುವ ರಾಜ್ಯಗಳಲ್ಲಿ ಅದರ ಹನ್ನೆರಡರಲ್ಲೊಂದು ಪಾಲು ಸದಸ್ಯರನ್ನು ಪದವೀಧರರು ಆರಿಸಬೇಕು, ಅಷ್ಟೇ ಪಾಲನ್ನು ಶಿಕ್ಷಕರು ಆರಿಸಬೇಕು. ಕರ್ನಾಟಕದ ಮೇಲ್ಮನೆಯಲ್ಲಿ 75 ಸ್ಥಾನಗಳಿವೆ. 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು, 25 ಮಂದಿಯನ್ನು ವಿಧಾನಸಭೆಯ ಶಾಸಕರು ಚುನಾಯಿಸುತ್ತಾರೆ. 11 ಮಂದಿ ನಾಮನಿರ್ದೇಶನದಿಂದ ಬರುತ್ತಾರೆ. ಉಳಿದ 14ರಲ್ಲಿ ಏಳು ಪದವೀಧರರ ಕ್ಷೇತ್ರ, ಏಳು ಶಿಕ್ಷಕರ ಕ್ಷೇತ್ರ. ಕಾಲೇಜಿನ ಮೇಷ್ಟ್ರೊಬ್ಬರು ಹಳ್ಳಿ ಹಳ್ಳಿ ಸುತ್ತದೆ, ಲಕ್ಷಾಂತರ ಮತದಾರರ ಮುಂದೆ ಕೈಮುಗಿಯದೆ ಶಾಸಕರಾಗಲು ಇರುವ ಒಂದು ದಾರಿ ಇದು.

ಈ ಕ್ಷೇತ್ರಗಳ ನಕ್ಷೆ ದಾವಣಗೆರೆ ಜಿಲ್ಲೆಯಲ್ಲಿ ವಿಚಿತ್ರವಾಗಿ ಸೀಳಿಕೊಂಡಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳು ನೈರುತ್ಯ ಪದವೀಧರರ ಮತ್ತು ನೈರುತ್ಯ ಶಿಕ್ಷಕರ ಕ್ಷೇತ್ರಗಳಿಗೆ ಸೇರಿವೆ. ಜಗಳೂರು ಆಗ್ನೇಯ ಕ್ಷೇತ್ರಗಳಿಗೆ ಸೇರಿದೆ. ಕಾರಣ ಹುಡುಕಲು ಜಿಲ್ಲೆಯ ಹುಟ್ಟಿಗೆ ಹೋಗಬೇಕು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಆಗ ಮುಖ್ಯಮಂತ್ರಿಯಾಗಿದ್ದ ಜೆ.ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನವರೇ. ಕಂದಾಯದ ಗಡಿ ಬದಲಾಯಿತು, ಮೇಲ್ಮನೆಯ ಗಡಿ ಮಾತ್ರ ಹಳೆಯ ಜಿಲ್ಲೆಗಳ ಗೆರೆಯಲ್ಲೇ ಉಳಿಯಿತು. ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿ ಹೊಸ ತಾಲ್ಲೂಕಾದರೂ ತವರಿನ ಜೊತೆಗೇ ನೈರುತ್ಯದಲ್ಲಿ ನಿಂತಿತು.

ಹೀಗಾಗಿ ಹೊನ್ನಾಳಿಯ ಪ್ರೌಢಶಾಲಾ ಶಿಕ್ಷಕರು ಆರಿಸುವ ಪ್ರತಿನಿಧಿ ತುಂಗಭದ್ರೆಯ ದಡದಿಂದ ಮಂಗಳೂರಿನ ಕಡಲತೀರದವರೆಗೆ, ಉಡುಪಿ, ಚಿಕ್ಕಮಗಳೂರು, ಕೊಡಗಿನವರೆಗೆ ಓಡಾಡಬೇಕು. ಜಗಳೂರಿನವರ ಪ್ರತಿನಿಧಿಗೆ ಚಿತ್ರದುರ್ಗ, ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ. ನೈರುತ್ಯ ಕ್ಷೇತ್ರದ ಹರವು ಮೂವತ್ತರ ಹತ್ತಿರ ವಿಧಾನಸಭಾ ಕ್ಷೇತ್ರಗಳಷ್ಟಾಗುತ್ತದೆ. ಮತದಾರರು ಕಡಿಮೆ, ನೆಲ ಮಾತ್ರ ಅಪಾರ. ಚನ್ನಗಿರಿಯ ಒಂದು ಕಾಲೇಜಿನಲ್ಲಿ ಹತ್ತು ಮತ, ಅಲ್ಲಿಂದ ಇಪ್ಪತ್ತು ಕಿಲೋಮೀಟರಿನಾಚೆ ಒಂದು ಪ್ರೌಢಶಾಲೆಯಲ್ಲಿ ಆರು ಮತ ಎಂಬಂತೆ ಹುಡುಕಿಕೊಂಡು ಹೋಗಬೇಕಾದ ಈ ಪ್ರಚಾರ ವಿದ್ವಾಂಸರಿಗೆ ಸುಲಭವೆಂದು ಹೊರಗಿನಿಂದ ಕಂಡರೂ, ವಾಹನ, ಕಾರ್ಯಕರ್ತರು, ದುಡ್ಡು ಇಲ್ಲದವರಿಗೆ ಅದು ಎಟುಕುವಂಥದ್ದಲ್ಲ. ಪಕ್ಷದ ಟಿಕೆಟ್ಟಿಲ್ಲದೆ ಗೆಲ್ಲುವ ಮೇಷ್ಟ್ರು ಅಪರೂಪವಾಗಿರುವುದಕ್ಕೆ ಈ ಭೂಗೋಳವೂ ಒಂದು ಕಾರಣ.

ಮತ ಹಾಕುವವರು ಯಾರು? ಪದವೀಧರರ ಕ್ಷೇತ್ರಕ್ಕೆ ಪದವಿ ಪಡೆದು ಕನಿಷ್ಠ ಮೂರು ವರ್ಷವಾಗಿರಬೇಕು, ಆ ಕ್ಷೇತ್ರದಲ್ಲಿಯೇ ವಾಸವಿರಬೇಕು. ಶಿಕ್ಷಕರ ಕ್ಷೇತ್ರಕ್ಕೆ, ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷವಾದರೂ ಪ್ರೌಢಶಾಲೆಗೆ ಕಡಿಮೆಯಿಲ್ಲದ ಸಂಸ್ಥೆಯಲ್ಲಿ ಪಾಠ ಮಾಡಿರಬೇಕು. ಎರಡಕ್ಕೂ ನವೆಂಬರ್ 1 ಅರ್ಹತಾ ದಿನಾಂಕ. ವಿಧಾನಸಭೆಯ ಮತದಾರರ ಪಟ್ಟಿಯಂತೆ ಈ ಪಟ್ಟಿ ವರ್ಷದಿಂದ ವರ್ಷಕ್ಕೆ ಬೆಳೆದುಕೊಂಡು ಹೋಗುವುದಿಲ್ಲ. ಪ್ರತಿ ಚುನಾವಣೆಗೂ ಹೊಸದಾಗಿ ಹುಟ್ಟುತ್ತದೆ. ಪದವೀಧರರು ನಮೂನೆ 18ನ್ನು, ಶಿಕ್ಷಕರು ನಮೂನೆ 19ನ್ನು ತುಂಬಿ ಕೊಡಬೇಕು. ಹಿಂದಿನ ಸಲ ಮತ ಹಾಕಿದ್ದೇನೆ ಎಂದು ಸುಮ್ಮನಿದ್ದವರು ಮತದಾನದ ದಿನ ಹೆಸರಿಲ್ಲದೆ ಮರಳುತ್ತಾರೆ. ಅರ್ಜಿ ತುಂಬಿಸಿ ತಾಲ್ಲೂಕು ಕಚೇರಿಗೆ ಮುಟ್ಟಿಸುವ ಕೆಲಸವನ್ನು ಯಾರ ಕಡೆಯವರು ಹೆಚ್ಚು ಮಾಡುತ್ತಾರೋ ಅವರ ಗೆಲುವಿಗೆ ಅಲ್ಲಿಯೇ ಅಡಿಪಾಯ ಬೀಳುತ್ತದೆ.

ಇಲ್ಲಿ ಒಂದು ಅನ್ಯಾಯವನ್ನು ಹೇಳಲೇಬೇಕು. ಪ್ರಾಥಮಿಕ ಶಾಲೆಯ ಶಿಕ್ಷಕರು ಶಿಕ್ಷಕರ ಕ್ಷೇತ್ರದ ಮತದಾರರಲ್ಲ. ನ್ಯಾಮತಿಯ ಹಳ್ಳಿಯೊಂದರಲ್ಲಿ ಇಪ್ಪತ್ತು ವರ್ಷ ಅಕ್ಷರ ತಿದ್ದಿಸಿದ ಅಕ್ಕೋರಿಗೆ ಪದವಿಯಿದ್ದರೆ ಪದವೀಧರರೆಂದು ಮತವುಂಟು, ಶಿಕ್ಷಕಿಯೆಂದು ಇಲ್ಲ. ಸಂವಿಧಾನ ರಚನೆಯ ಕಾಲದಲ್ಲಿ ಓದಿದವರೆಂದರೆ ಬೆರಳೆಣಿಕೆಯ ಮಂದಿ. ಅಂದಿನ ಅಳತೆಗೆ ಆ ಗೆರೆ ಸರಿಯಿದ್ದಿರಬಹುದು. ಇಂದು ಪ್ರಾಥಮಿಕ ಶಾಲೆಗಳಲ್ಲಿಯೂ ಪದವಿ, ಬಿ.ಇಡಿ. ಮಾಡಿದವರು ತುಂಬಿದ್ದಾರೆ. ಆ ಗೆರೆ ಉಳಿದಿರುವುದು ಹಳೆಯ ಅಭ್ಯಾಸದಿಂದ.

2024ರ ಜೂನ್ 3ರಂದು ಈ ವ್ಯವಸ್ಥೆಯ ವೈಚಿತ್ರ್ಯ ಒಂದೇ ಜಿಲ್ಲೆಯೊಳಗೆ ಕಾಣಿಸಿತು. ಅಂದು ನೈರುತ್ಯದಲ್ಲಿ ಪದವೀಧರರ ಸ್ಥಾನಕ್ಕೂ ಶಿಕ್ಷಕರ ಸ್ಥಾನಕ್ಕೂ ಚುನಾವಣೆಯಿತ್ತು. ಆಗ್ನೇಯದಲ್ಲಿ ಶಿಕ್ಷಕರ ಸ್ಥಾನಕ್ಕೆ ಮಾತ್ರ. ಎರಡೂ ಪಟ್ಟಿಯಲ್ಲಿ ಹೆಸರಿದ್ದ ಚನ್ನಗಿರಿಯ ಉಪನ್ಯಾಸಕರಿಗೆ ಎರಡು ಮತಪತ್ರ ಸಿಕ್ಕರೆ, ಜಗಳೂರಿನ ಉಪನ್ಯಾಸಕರಿಗೆ ಒಂದೇ. ಮತಯಂತ್ರವಿಲ್ಲ. ಕೊಟ್ಟ ನೇರಳೆ ಸ್ಕೆಚ್ ಪೆನ್ನಿನಿಂದಲೇ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯದ ಅಂಕಿ ಬರೆಯಬೇಕು. 1 ಬರೆಯದಿದ್ದರೆ ಮತ ಕೆಡುತ್ತದೆ. 2, 3 ಬರೆಯುವುದು ಬಿಡುವುದು ಮತದಾರರ ಇಷ್ಟ. ಸಿಂಧುವಾದ ಮತಗಳ ಅರ್ಧಕ್ಕೆ ಒಂದು ಕೂಡಿಸಿದರೆ ಗೆಲ್ಲಲು ಬೇಕಾದ ಕೋಟಾ. ಹತ್ತು ಸಾವಿರ ಸಿಂಧು ಮತಗಳಿದ್ದರೆ 5,001 ಬೇಕು. ಮೊದಲ ಸುತ್ತಿನಲ್ಲಿ ಯಾರೂ ಅಲ್ಲಿಗೆ ಮುಟ್ಟದಿದ್ದರೆ ಕೊನೆಯಲ್ಲಿರುವವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿ 2 ಎಂದು ಯಾರಿಗೆ ಬರೆದಿದೆಯೋ ಅವರಿಗೆ ಹಂಚುತ್ತಾರೆ. ಇನ್ನೊಬ್ಬರ ಬೆಂಬಲಿಗರಿಗೂ ಒಪ್ಪಿಗೆಯಾಗುವ, ಹಗೆ ಕಟ್ಟಿಕೊಳ್ಳದ ವ್ಯಕ್ತಿಗೆ ಈ ಪದ್ಧತಿ ಅನುಕೂಲ. ಒಳ್ಳೆಯ ಅಧ್ಯಾಪಕರಲ್ಲಿ ಈ ಗುಣ ಸಾಮಾನ್ಯವಾಗಿ ಇರುತ್ತದೆ.

ಆದರೂ ಗೆಲ್ಲುವವರು ಅಧ್ಯಾಪಕರೇ ಆಗಬೇಕೆಂದಿಲ್ಲ. ತಮಿಳುನಾಡಿನಲ್ಲಿ ಪದವಿಯಿಲ್ಲದ ಅಭ್ಯರ್ಥಿಯೊಬ್ಬರು ಪದವೀಧರರ ಕ್ಷೇತ್ರದಿಂದ ಗೆದ್ದಾಗ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1972ರಲ್ಲಿ ಬಂದ ತೀರ್ಪು ಅವರ ಗೆಲುವನ್ನು ಎತ್ತಿಹಿಡಿಯಿತು: ಸಂವಿಧಾನ ಅರ್ಹತೆ ಹೇಳಿರುವುದು ಮತದಾರರಿಗೆ, ಅಭ್ಯರ್ಥಿಗಲ್ಲ. ಅಭ್ಯರ್ಥಿಗೆ 30 ವರ್ಷ ತುಂಬಿದ್ದು, ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರರಾಗಿದ್ದರೆ ಸಾಕು. ಅದೇ ಸಂವಿಧಾನದ 191ನೆಯ ವಿಧಿ ಸರ್ಕಾರದಡಿ ಲಾಭದಾಯಕ ಹುದ್ದೆಯಲ್ಲಿರುವವರನ್ನು ಸದಸ್ಯತ್ವದಿಂದ ದೂರವಿಡುತ್ತದೆ. ಅಂದರೆ ಸರ್ಕಾರಿ ಕಾಲೇಜಿನ ಪ್ರಾಧ್ಯಾಪಕರು ನಿಲ್ಲಬೇಕಾದರೆ ಕೆಲಸಕ್ಕೆ ರಾಜೀನಾಮೆ ಕೊಟ್ಟೇ ನಿಲ್ಲಬೇಕು. ಸೋತರೆ ಸಂಬಳವೂ ಇಲ್ಲ, ಸದನವೂ ಇಲ್ಲ. ಮನೆಸಾಲ, ಮಕ್ಕಳ ಓದು ಹೊತ್ತ ಮಧ್ಯವಯಸ್ಸಿನ ಮೇಷ್ಟ್ರು ಈ ಪಣಕ್ಕೆ ಹೆದರಿದರೆ ತಪ್ಪೆನ್ನಲಾಗದು. ಕ್ಷೇತ್ರವನ್ನು ಮಾಡಿದ್ದು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡೋ ಅವರಿಗೇ ಬಾಗಿಲು ಕಿರಿದಾಗಿದೆ.

ನೈರುತ್ಯದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಪದವೀಧರರ ಕ್ಷೇತ್ರವನ್ನು 1988ರಿಂದ 2018ರವರೆಗೆ, ಐದು ಅವಧಿ, ಪ್ರತಿನಿಧಿಸಿದವರು ಶಿವಮೊಗ್ಗದ ಡಿ.ಎಚ್. ಶಂಕರಮೂರ್ತಿ, ಪಕ್ಷ ಸಂಘಟನೆಯಲ್ಲಿ ಬೆಳೆದು ಸಭಾಪತಿಯ ಪೀಠದವರೆಗೆ ಏರಿದವರು. ಅವರ ನಂತರ ಆಯನೂರು ಮಂಜುನಾಥ್ ಬಂದರು, 2024ರಲ್ಲಿ ಮಕ್ಕಳ ವೈದ್ಯ ಡಾ. ಧನಂಜಯ ಸರ್ಜಿ. ಶಿಕ್ಷಕರ ಕ್ಷೇತ್ರದಿಂದ 2006ರಿಂದ ಎರಡು ಅವಧಿಗೆ ಆಯ್ಕೆಯಾದವರು ಸೇನೆಯಿಂದ ಬಂದ ಕ್ಯಾಪ್ಟನ್ ಗಣೇಶ್ ಕಾರ್ಣಿಕ್. 2018 ಮತ್ತು 2024ರಲ್ಲಿ ಎಸ್.ಎಲ್. ಭೋಜೇಗೌಡ ಗೆದ್ದರು. ಇವರಲ್ಲಿ ಹಲವರು ಶಿಕ್ಷಕರ ಅಹವಾಲನ್ನು ಸದನದಲ್ಲಿ ಬಿಡದೆ ಎತ್ತಿದವರೇ. 2006ರ ಏಪ್ರಿಲ್ 1ರ ನಂತರ ನೇಮಕಗೊಂಡವರಿಗೆ ತಪ್ಪಿದ ಹಳೆಯ ಪಿಂಚಣಿ, ಅನುದಾನಿತ ಶಾಲೆಗಳ ಖಾಲಿ ಹುದ್ದೆ, ಅತಿಥಿ ಉಪನ್ಯಾಸಕರ ಅಭದ್ರತೆ, ವರ್ಗಾವಣೆ ಇವೆಲ್ಲ ನಿಜವಾದ ಸಂಕಟಗಳು. ಆದರೆ ಪಾಠದ ಕೋಣೆಯ ಅನುಭವದಿಂದ ಪಠ್ಯ, ಪರೀಕ್ಷೆ, ವಿಶ್ವವಿದ್ಯಾಲಯದ ಸ್ವಾಯತ್ತತೆ ಕುರಿತು ಮಾತಾಡುವ ದನಿ ಈ ಬೇಡಿಕೆಗಳ ನಡುವೆ ಹಿಂದೆ ಸರಿಯುತ್ತದೆ.

ಪ್ರಾಧ್ಯಾಪಕರು ಗೆದ್ದು ಸದನಕ್ಕೆ ಬಂದರೆ ಏನಾಗುತ್ತದೆ ಎಂದು ತಿಳಿಯಲು ಬೇರೆ ಬಾಗಿಲುಗಳತ್ತ ನೋಡಬೇಕು. ಎದ್ದು ಕಾಣುವ ಹೆಸರು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರದು. 1936ರಲ್ಲಿ ಹುಟ್ಟಿದ ಅವರು ಕಾನೂನು ಓದಿ, ಯೂರೋಪಿನಲ್ಲಿ ಉನ್ನತ ವ್ಯಾಸಂಗ ಮಾಡಿ, ಕಾನೂನಿನ ಮೇಷ್ಟ್ರಾದವರು. ರೈತ ಚಳವಳಿಯಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು ‘ಪ್ರೊಫೆಸರ್’ ಎಂದೇ. 1980ರಲ್ಲಿ ನರಗುಂದ-ನವಲಗುಂದದಲ್ಲಿ ರೈತರ ಮೇಲೆ ನಡೆದ ಗೋಲಿಬಾರ್‌ನ ಬಳಿಕ ರಾಜ್ಯ ರೈತ ಸಂಘ ರೂಪುಗೊಂಡಾಗ ಅದರ ಬೇರು ಶಿವಮೊಗ್ಗ ಜಿಲ್ಲೆಯಲ್ಲಿತ್ತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ ಅಲ್ಲಿಯ ಮುಂದಾಳುಗಳು. ಚನ್ನಗಿರಿ, ಹೊನ್ನಾಳಿ ಅಂದು ಅದೇ ಜಿಲ್ಲೆಯ ತಾಲ್ಲೂಕುಗಳು. 1989ರ ವಿಧಾನಸಭಾ ಚುನಾವಣೆಯಲ್ಲಿ ರೈತ ಸಂಘದ ಬಾಬಾಗೌಡ ಪಾಟೀಲರು ಕಿತ್ತೂರು ಮತ್ತು ಧಾರವಾಡ ಗ್ರಾಮಾಂತರ ಎರಡೂ ಕಡೆ ಗೆದ್ದು, ಕಿತ್ತೂರನ್ನು ಉಳಿಸಿಕೊಂಡರು. ತೆರವಾದ ಧಾರವಾಡ ಗ್ರಾಮಾಂತರದ ಉಪಚುನಾವಣೆಯಲ್ಲಿ ನಂಜುಂಡಸ್ವಾಮಿ ಗೆದ್ದರು. ಪದವೀಧರರ ಕ್ಷೇತ್ರದ ಆಸರೆಯಿಲ್ಲದೆ, ಉಳುವವರ ಮತದಿಂದ.

ಶಾಸಕರಾಗಿದ್ದ ಅವಧಿ ಐದು ವರ್ಷವೂ ತುಂಬಲಿಲ್ಲ, ಆದರೆ ಆ ಕಾಲ ಸಾಧಾರಣವಾದದ್ದಲ್ಲ. 1991ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಡಂಕೆಲ್ ಕರಡು ಬಂತು. ಬೀಜದ ಮೇಲೆ, ಪೇಟೆಂಟಿನ ಮೇಲೆ ದೂರದ ಜಿನೀವಾದಲ್ಲಿ ಬರೆದ ಕಾನೂನು ಇಲ್ಲಿಯ ಜೋಳ, ರಾಗಿ ಬೆಳೆಯುವವರ ಮನೆಗೆ ಏನು ತರುತ್ತದೆಂದು ಬಿಡಿಸಿ ಹೇಳುವವರು ಬೇಕಿತ್ತು. ಕಾನೂನಿನ ಮೇಷ್ಟ್ರ ಓದು ಅಲ್ಲಿ ಉಪಯೋಗಕ್ಕೆ ಬಂತು. 1992ರ ಡಿಸೆಂಬರಿನಲ್ಲಿ ರೈತ ಸಂಘದವರು ಬೆಂಗಳೂರಿನಲ್ಲಿದ್ದ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಸುಟ್ಟಾಗ ಅವರು ಶಾಸಕರೇ ಆಗಿದ್ದರು. ಆ ದಾರಿಯನ್ನು ಒಪ್ಪದವರೂ ಇದ್ದಾರೆ. ಆದರೆ ಬೀಜದ ಹಕ್ಕಿನ ಪ್ರಶ್ನೆಯನ್ನು ನಾಡಿನ ಮಾತಾಗಿಸಿದ್ದು ಅವರ ಆ ವರ್ಷಗಳೇ. 1994ರ ಚುನಾವಣೆಯಲ್ಲಿ ರೈತ ಸಂಘ ಗೆದ್ದದ್ದು ಪಾಂಡವಪುರವೊಂದನ್ನೇ, ಕೆ.ಎಸ್. ಪುಟ್ಟಣ್ಣಯ್ಯನವರಿಂದ. ನಂಜುಂಡಸ್ವಾಮಿ ಮತ್ತೆ ಸದನಕ್ಕೆ ಮರಳಲಿಲ್ಲ. 2004ರ ಫೆಬ್ರುವರಿ 3ರಂದು ತೀರಿಕೊಳ್ಳುವವರೆಗೂ ಅವರ ಪಾಠ ರೈತರ ಸಭೆಗಳಲ್ಲಿ ನಡೆಯಿತು.

ಬೇರೆ ಬಾಗಿಲುಗಳಿಂದ ಸದನ ಸೇರಿದ ವಿದ್ವಾಂಸರು ಇನ್ನೂ ಇದ್ದಾರೆ. ಅರ್ಥಶಾಸ್ತ್ರಜ್ಞ ಡಾ. ವಿ.ಕೆ.ಆರ್.ವಿ. ರಾವ್ ಬಳ್ಳಾರಿಯಿಂದ 1967 ಮತ್ತು 1971ರಲ್ಲಿ ಲೋಕಸಭೆಗೆ ಗೆದ್ದು, ಕೇಂದ್ರದಲ್ಲಿ ಶಿಕ್ಷಣ ಸಚಿವರೂ ಆದರು. ಸಂಸದರಾಗಿದ್ದಾಗಲೇ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಕಟ್ಟಿದರು. ಬೆಂಗಳೂರಿನ ಐಐಎಂನಲ್ಲಿ ಪ್ರಾಧ್ಯಾಪಕರಾಗಿದ್ದ ಬಿ.ಕೆ. ಚಂದ್ರಶೇಖರ್ ಮೇಲ್ಮನೆ ಸೇರಿ ಸಚಿವರೂ ಸಭಾಪತಿಯೂ ಆದರು. ಅದೇ ಸಂಸ್ಥೆಯ ಪ್ರೊ. ಎಂ.ವಿ. ರಾಜೀವ್ ಗೌಡ 2014ರಿಂದ 2020ರವರೆಗೆ ರಾಜ್ಯಸಭೆಯಲ್ಲಿ ಒಂದು ಅವಧಿ ಇದ್ದರು.

ವಿಧಾನ ಪರಿಷತ್ತಿನ ಸದಸ್ಯರ ಅವಧಿ ಆರು ವರ್ಷ. ಕೇಳಲು ದೀರ್ಘ, ಕೈಯಲ್ಲಿ ಸಿಗುವುದು ಕಡಿಮೆ. ಸಾಮಾನ್ಯ ಮಸೂದೆಯೊಂದನ್ನು ಪರಿಷತ್ತು ಮೊದಲ ಸಲ ಮೂರು ತಿಂಗಳು, ಕೆಳಮನೆ ಮತ್ತೆ ಅಂಗೀಕರಿಸಿ ಕಳಿಸಿದರೆ ಇನ್ನೊಂದು ತಿಂಗಳು ತಡೆಯಬಲ್ಲದು. ಹಣಕಾಸು ಮಸೂದೆಯನ್ನು 14 ದಿನ ಮಾತ್ರ. ಆ ತಿಂಗಳುಗಳಲ್ಲಿ ಮಸೂದೆಯ ಒಂದೊಂದು ಖಂಡವನ್ನೂ ಓದಿ, ತಿದ್ದುಪಡಿ ಸೂಚಿಸಿ, ಸಮಿತಿಯಲ್ಲಿ ಅಧಿಕಾರಿಗಳನ್ನು ಪ್ರಶ್ನಿಸುವ ತಾಳ್ಮೆ ಓದಿನ ಮನುಷ್ಯರಿಗೆ ಒಗ್ಗಿದ ಕೆಲಸ. ಅದಕ್ಕೆ ಪತ್ರಿಕೆಯ ಮುಖಪುಟ ಸಿಗುವುದಿಲ್ಲ, ಮರು ಆಯ್ಕೆಯ ಮತವೂ ಬೀಳುವುದಿಲ್ಲ. ಸದನದ ಒಳಹೊರಗನ್ನು ಕಲಿಯುವ ಹೊತ್ತಿಗೆ ಅವಧಿ ಮುಗಿಯುತ್ತ ಬರುತ್ತದೆ, ಪಕ್ಷ ಇನ್ನೊಂದು ಹೆಸರನ್ನು ನೋಡತೊಡಗಿರುತ್ತದೆ.

ಆಗ್ನೇಯ ಪದವೀಧರರ ಕ್ಷೇತ್ರಕ್ಕೆ ಹಿಂದಿನ ಚುನಾವಣೆ ನಡೆದದ್ದು 2020ರ ಅಕ್ಟೋಬರಿನಲ್ಲಿ, ಚಿದಾನಂದ ಎಂ. ಗೌಡ ಗೆದ್ದ ಆ ಅವಧಿ 2026ಕ್ಕೆ ಮುಗಿಯುವಂಥದ್ದು. ಆ ಸರದಿಗೆ ಜಗಳೂರಿನ ಪದವೀಧರರು ನಮೂನೆ 18ನ್ನು ಮತ್ತೆ ಮೊದಲಿನಿಂದ ತುಂಬಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯವರ ಸರದಿ 2030ಕ್ಕೆ.