ಒಂದೇ ಕಾಲು ಬಾತಿದೆಯಾ? ಎಣ್ಣೆ ತಿಕ್ಕುವ ಮೊದಲು ಇದನ್ನು ಓದಿ

ಬಿಣಗಾ: ಕಾಲು ಬಾತರೆ ಮನೆಯಲ್ಲಿ ಬರುವ ಮೊದಲ ಮಾತು, 'ಉಳುಕಿರಬೇಕು, ಎಣ್ಣೆ ಹಚ್ಚಿ ತಿಕ್ಕು'. ಆದರೆ ಏಟು ಬಿದ್ದಿಲ್ಲ, ಉಳುಕಿಲ್ಲ, ಆದರೂ ಒಂದೇ ಕಾಲಿನ ಮೀನಖಂಡ ಬಾತು ನೋಯುತ್ತಿದೆ, ಮುಟ್ಟಿದರೆ ಬಿಸಿ ಇದೆ, ಬಣ್ಣ ಬದಲಾಗಿದೆ ಅಂದರೆ ತಿಕ್ಕಬೇಡಿ. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಡಾಕ್ಟರುಗಳು ಇದಕ್ಕೆ ಡಿವಿಟಿ ಅಂತಾರೆ. ಅದೇ ದಿನ ಆಸ್ಪತ್ರೆಗೆ ಹೋಗಿ ತೋರಿಸಿ.

ಅಪಾಯ ಏನು?

ಕಾಲಿನ ಹೆಪ್ಪು ಕಳಚಿಕೊಂಡು ರಕ್ತದ ಜೊತೆ ಹೃದಯ ದಾಟಿ ಶ್ವಾಸಕೋಶದ ನಾಳದಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು. ಇದು ಪಲ್ಮನರಿ ಎಂಬಾಲಿಸಂ. ದಿಢೀರ್ ಏದುಸಿರು, ಉಸಿರು ಎಳೆದಾಗ ಎದೆಯಲ್ಲಿ ಚುಚ್ಚಿದ ಹಾಗೆ ನೋವು, ಜೋರು ಎದೆಬಡಿತ, ಕೆಮ್ಮಿದಾಗ ರಕ್ತ, ತಲೆಸುತ್ತು ಇದರ ಲಕ್ಷಣಗಳು. ಕೆಲವರಿಗೆ ಕಾಲು ಬಾವೇ ಇಲ್ಲದೆ ನೇರ ಇದೇ ಕಾಣಿಸಬಹುದು. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ಕೂರಬೇಡಿ, 108ಕ್ಕೆ ಫೋನ್ ಮಾಡಿ.

ದೊಡ್ಡ ಚಿಕಿತ್ಸೆ ಅಂದರೆ ಗೋವಾ, ಹುಬ್ಬಳ್ಳಿ, ಮಣಿಪಾಲ ಅಂತ ಓಡುವವರು ನಾವು. ದಾರಿಯಲ್ಲೇ ಗಂಟೆಗಟ್ಟಲೆ ಹೋಗುತ್ತದೆ. ಹಾಗಾಗಿ ಹೆಪ್ಪು ಕಾಲಲ್ಲಿದ್ದಾಗಲೇ ಪತ್ತೆಯಾಗುವುದು ನಮಗೆ ಇನ್ನೂ ಮುಖ್ಯ.

ಯಾರು ಹುಷಾರಾಗಿರಬೇಕು?

* ಇತ್ತೀಚೆಗೆ ಆಪರೇಷನ್ ಆದವರು, ಅದರಲ್ಲೂ ಸೊಂಟ, ಮೊಣಕಾಲಿನದು
* ಮೂಳೆ ಮುರಿದು ಹಾಸಿಗೆ ಹಿಡಿದವರು
* ಕ್ಯಾನ್ಸರ್ ರೋಗಿಗಳು
* ಗರ್ಭಿಣಿಯರು, ಬಾಣಂತಿಯರು
* ಕೆಲವು ಬಗೆಯ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು
* ಮೊದಲೊಮ್ಮೆ ಹೆಪ್ಪುಗಟ್ಟಿದವರು, ಮನೆತನದಲ್ಲಿ ಈ ತೊಂದರೆ ಇದ್ದವರು

ಬಾಣಂತಿಯರ ವಿಷಯ ಬಿಡಿಸಿ ಹೇಳಬೇಕು. ಹೆರಿಗೆಯಾದ ಮೊದಲ 6 ವಾರ ಈ ಅಪಾಯ ಹೆಚ್ಚು. ಆದರೆ ಅದೇ ಹೊತ್ತಿಗೆ ಕೆಲವು ಮನೆಗಳಲ್ಲಿ ಬಾಣಂತಿಯನ್ನು ಏಳಲು ಬಿಡುವುದಿಲ್ಲ, ನೀರನ್ನೂ ಅಳೆದು ಕೊಡುತ್ತಾರೆ. ಕಾಳಜಿ ಸರಿ, ಆದರೆ ಮೀನಖಂಡದ ಸ್ನಾಯು ಆಡಿದಾಗಲೇ ಕಾಲಿನ ರಕ್ತ ಪಂಪಿನ ನೀರಿನ ಹಾಗೆ ಮೇಲೇರುವುದು. ಡಾಕ್ಟರು ಓಡಾಡಬಹುದು ಅಂದ ಮೇಲೆ ಮನೆಯೊಳಗೆ ನಾಲ್ಕು ಹೆಜ್ಜೆ ನಡೆಸಿ, ಬೇಕಾದಷ್ಟು ನೀರು ಕೊಡಿ.

ಗಲ್ಲಾ ಮೇಲೆ ಕೂತವರು, ಬೆಂಗಳೂರು ಬಸ್ಸಿನವರು

ಆರೋಗ್ಯವಂತರಿಗೆ ಬರೀ ಕೂತದ್ದರಿಂದ ಬರುವ ಅಪಾಯ ಕಡಿಮೆ. ಆದರೂ 4 ಗಂಟೆಗಿಂತ ಹೆಚ್ಚಿನ ಪ್ರಯಾಣ ಇದ್ದರೆ ಬಸ್ ನಿಂತಲ್ಲೆಲ್ಲ ಇಳಿದು ನಡೆಯಿರಿ, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಿ. ಅಂಗಡಿಯಲ್ಲಿದ್ದವರು ಗಂಟೆಗೊಮ್ಮೆ ಎದ್ದು ಓಡಾಡಿ.

ಚಿಕಿತ್ಸೆ ಹೇಗೆ?

ಕಾಲಿನ ಡಾಪ್ಲರ್ ಸ್ಕ್ಯಾನ್‌ನಲ್ಲಿ ಹೆಪ್ಪು ಗೊತ್ತಾಗುತ್ತದೆ. ಶ್ವಾಸಕೋಶಕ್ಕೆ ಸಿಟಿ ಸ್ಕ್ಯಾನ್ ಬೇಕಾಗಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಂಜೆಕ್ಷನ್, ಮಾತ್ರೆ ಕೊಡುತ್ತಾರೆ. ಸಾಮಾನ್ಯವಾಗಿ ಕಡಿಮೆ ಅಂದರೂ 3 ತಿಂಗಳು ತೆಗೆದುಕೊಳ್ಳಬೇಕು. ಬಾವು ಇಳಿಯಿತು ಅಂತ ನೀವೇ ನಿಲ್ಲಿಸಬೇಡಿ. ಹಲ್ಲು ಕೀಳಿಸಲು ಹೋದರೂ, ನೋವಿನ ಮಾತ್ರೆ ಕೇಳಲು ಮೆಡಿಕಲ್‌ಗೆ ಹೋದರೂ ಈ ಔಷಧಿಯಲ್ಲಿದ್ದೇನೆ ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ರಕ್ತಸ್ರಾವ ಆಗುವ ಭಯ ಇರುತ್ತದೆ.

ಪ್ರತಿ ವರ್ಷ ಅಕ್ಟೋಬರ್ 13 ವಿಶ್ವ ಥ್ರಾಂಬೋಸಿಸ್ ದಿನ. ಹೆಪ್ಪಿನ ತುಂಡು ಹೀಗೆ ಶ್ವಾಸಕೋಶಕ್ಕೆ ಹೋಗುತ್ತದೆ ಎಂದು ವಿವರಿಸಿದ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಶೋ 1821ರಲ್ಲಿ ಹುಟ್ಟಿದ ದಿನ ಅದು. ಮನೆಯಲ್ಲಿ ಬಾಣಂತಿಯೋ, ಆಪರೇಷನ್ ಆದವರೋ ಇದ್ದರೆ ಆ ದಿನಕ್ಕೆ ಕಾಯಬೇಡಿ, ಇವತ್ತೇ ಅವರ ಎರಡೂ ಕಾಲು ನೋಡಿ. ಒಂದು ದಪ್ಪ, ಒಂದು ಸಪೂರ ಕಂಡರೆ ಡಾಕ್ಟರಿಗೆ ತೋರಿಸಿ.