ಚಳವಳಿಗಾರರ ಹೇಳಿಕೆಗಳ ಸಂಯೋಜನವೂ ಸಂಜ್ಞಾಕರಣವೂ

ಒಂದೇ ಕಾವ್ಯದ ಹಲವು ಓಲೆಪ್ರತಿಗಳನ್ನು ಮುಂದಿಟ್ಟುಕೊಂಡು ಪಾಠವನ್ನು ನಿರ್ಣಯಿಸುವ ಶ್ರಮವು ಈ ಪತ್ರಿಕೆಯ ವಾಚಕರಿಗೆ ಹೊಸದಲ್ಲ. ಸಮಾಜಶಾಸ್ತ್ರಜ್ಞರೂ ಇದಕ್ಕೆ ಸದೃಶವಾದ ಕಾರ್ಯವೊಂದನ್ನು ಮಾಡುವರು. ಬೇರೆ ಬೇರೆ ಕಾಲಗಳಲ್ಲಿ ಒಬ್ಬನೇ ಮನುಷ್ಯನಿಂದ ಪಡೆದ ಉತ್ತರಗಳನ್ನು ಒಂದುಗೂಡಿಸುವುದು ಸಂಯೋಜನ. ಆ ಉತ್ತರಗಳನ್ನು ವರ್ಗಗಳಾಗಿ ವಿಂಗಡಿಸಿ ಒಂದೊಂದು ವರ್ಗಕ್ಕೂ ಅಂಕಿಯ ಗುರುತನ್ನು ಕೊಡುವುದು ಸಂಜ್ಞಾಕರಣ. ಕೊಟ್ಟ ಗುರುತನ್ನು ಹೊಸ ಪ್ರಶ್ನೆಗೆ ತಕ್ಕಂತೆ ಮಾರ್ಪಡಿಸುವುದು ಪುನಃಸಂಜ್ಞಾಕರಣ. ಇದು ಕೇವಲ ಲೆಕ್ಕಿಗರ ಕೆಲಸವಲ್ಲ, ಅರ್ಥನಿರ್ಣಯವೇ ಸರಿ ಎಂಬುದನ್ನು ಪ್ರಸಿದ್ಧವಾದ ಒಂದು ನಿದರ್ಶನದಿಂದ ವಿಶದಪಡಿಸುವುದು ಈ ಲೇಖನದ ಉದ್ದೇಶ.

1964ರ ಬೇಸಗೆಯಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಮಿಸಿಸಿಪಿಯಲ್ಲಿ, ಮತದಾನದ ಹಕ್ಕಿನಿಂದ ವಂಚಿತರಾಗಿದ್ದ ಕಪ್ಪು ಜನಾಂಗದವರನ್ನು ಮತದಾರರ ಪಟ್ಟಿಗೆ ಸೇರಿಸಲೂ ಅವರಿಗಾಗಿ ಸ್ವಾತಂತ್ರ್ಯಶಾಲೆಗಳನ್ನು ನಡೆಸಲೂ ಒಂದು ಚಳವಳಿಯು ನಡೆಯಿತು. ‘ಫ್ರೀಡಮ್ ಸಮ್ಮರ್’ ಎಂದು ಅದಕ್ಕೆ ಹೆಸರು. ಸ್ವಯಂಸೇವಕರಾಗಿ ಬರಲಿಚ್ಛಿಸಿದವರು, ಬಹುಮಟ್ಟಿಗೆ ಉತ್ತರದ ಬಿಳಿಯ ವಿದ್ಯಾರ್ಥಿಗಳು, ವಿವರವಾದ ಅರ್ಜಿಗಳನ್ನು ಬರೆದುಕೊಟ್ಟರು. ಕಾರ್ಯವು ಪ್ರಾಣಾಪಾಯದ್ದು, ಜೂನ್ 21ರಂದು ಜೇಮ್ಸ್ ಚೇನಿ, ಆಂಡ್ರೂ ಗುಡ್‌ಮನ್, ಮೈಕೆಲ್ ಶ್ವರ್ನರ್ ಎಂಬ ಮೂವರು ಹತರಾದರು. ಸಮಾಜಶಾಸ್ತ್ರಜ್ಞರಾದ ಡಗ್ ಮೆಕ್‌ಆಡಮ್ ಅವರು ಆ ಅರ್ಜಿಗಳನ್ನು ಪರಿಶೀಲಿಸಿ, ಹೋದವರು 720 ಮಂದಿ, ಒಪ್ಪಿಗೆ ದೊರೆತರೂ ಹೋಗದೆ ಉಳಿದವರು 239 ಮಂದಿ ಎಂದು ವಿಂಗಡಿಸಿದರು. 1980ರ ದಶಕದಲ್ಲಿ ಇವರನ್ನೇ ಅರಸಿ ಪ್ರಶ್ನಾವಳಿಯನ್ನು ಕಳುಹಿಸಲಾಗಿ, ಮೊದಲ ವರ್ಗದ 212 ಮಂದಿಯೂ ಎರಡನೆಯದರ 118 ಮಂದಿಯೂ ಉತ್ತರವಿತ್ತರು. ಹೀಗೆ ಸುಮಾರು ಇಪ್ಪತ್ತು ವರ್ಷಗಳ ಅಂತರವುಳ್ಳ ಎರಡು ಬರಹಗಳನ್ನು ಒಬ್ಬೊಬ್ಬರ ವಿಷಯದಲ್ಲಿಯೂ ಕೂಡಿಸಬೇಕಾಯಿತು.

ಕೂಡಿಸುವಲ್ಲಿ ಮೊದಲನೆಯ ತೊಡಕು ವ್ಯಕ್ತಿಯ ಐಕ್ಯ. ಹೆಸರನ್ನು ಮಾತ್ರ ನಂಬುವಂತಿಲ್ಲ. ವಿವಾಹಾನಂತರ ಸ್ತ್ರೀಯರ ಕುಲನಾಮವು ಬದಲಾಗಬಹುದು, ಇಬ್ಬರಿಗೆ ಒಂದೇ ಹೆಸರಿರಬಹುದು. ತಪ್ಪಾಗಿ ಸೇರಿಸಿದರೆ ಒಬ್ಬರ ಯೌವನವು ಮತ್ತೊಬ್ಬರ ಪ್ರೌಢವಯಸ್ಸಿಗೆ ಅಂಟಿಕೊಳ್ಳುವುದು. ಆದುದರಿಂದ ಹುಟ್ಟಿದ ವರ್ಷ, ಓದಿದ ವಿದ್ಯಾಲಯ ಮುಂತಾದವನ್ನು ತಾಳೆನೋಡಿ, ಬಳಿಕ ಪ್ರತಿಯೊಬ್ಬರಿಗೂ ಒಂದು ಕ್ರಮಸಂಖ್ಯೆಯನ್ನು ಕೊಟ್ಟು, ಹೆಸರುಗಳ ಪಟ್ಟಿಯನ್ನು ಪ್ರತ್ಯೇಕವಾಗಿ ಗುಪ್ತವಾಗಿಡುವುದು ಯುಕ್ತ.

ಎರಡನೆಯದು ಮೌನದ ಅರ್ಥ. ‘ಇಲ್ಲ’ ಎಂಬ ಉತ್ತರವೂ ಉತ್ತರವಿಲ್ಲದಿರುವುದೂ ಒಂದೇ ಅಲ್ಲ. ವಸ್ತುವಿನ ಅಭಾವಕ್ಕೂ ಅದರ ವಿಷಯವಾದ ನಮ್ಮ ಅಜ್ಞಾನಕ್ಕೂ ಭೇದವುಂಟೆಂದು ತರ್ಕವನ್ನೋದಿದವರು ಬಲ್ಲರು. 959 ಮಂದಿಯಲ್ಲಿ 330 ಮಂದಿಯ ಉತ್ತರ ಬಂದಿರಲು, ಉಳಿದ 629 ಮಂದಿ ಚಳವಳಿಯನ್ನು ತೊರೆದರೆಂದು ಹೇಳಲು ಆಧಾರವೆಲ್ಲಿ? ಇಬ್ಬಗೆಗೂ ಸೊನ್ನೆಯೊಂದನ್ನೇ ಗುರುತಾಗಿ ಕೊಟ್ಟರೆ ಮೌನವೇ ಸಾಕ್ಷ್ಯವಾಗಿ ಪರಿಣಮಿಸುವುದು. ಹಾಗೆಯೇ, ಹೋಗದೆ ಉಳಿದವರನ್ನು ‘ಅಂಜಿದವರು’ ಎಂದು ಹೆಸರಿಟ್ಟರೆ, ತಂದೆತಾಯಿಗಳು ತಡೆದವರಿಗೂ ಹೇಡಿತನವನ್ನು ಆರೋಪಿಸಿದಂತಾಗುವುದು.

ಮೂರನೆಯದು ಎಲ್ಲಕ್ಕಿಂತ ಗಹನವಾದುದು. ತಮ್ಮ ಕಾರ್ಯದ ವಾರ್ತೆಯನ್ನು ಯಾರಿಗೆ ತಿಳಿಸಬೇಕೆಂದು ಕನಿಷ್ಠ ಹತ್ತು ಮಂದಿಯನ್ನು ಹೆಸರಿಸುವಂತೆ ಅರ್ಜಿಯಲ್ಲಿ ಕೇಳಲಾಗಿತ್ತು. ಚಳವಳಿಯವರಿಗೆ ಅದು ಪ್ರಚಾರದ ಸಾಧನ. ಮೆಕ್‌ಆಡಮ್ ಅವರಿಗೆ ಅದು ಸ್ನೇಹಸಂಬಂಧಗಳ ನಕ್ಷೆ. ನೇರವಾಗಿ ಹೆಸರಿಸಿದವರೊಡನೆ ಗಾಢಸಂಬಂಧ, ಅವರ ಮೂಲಕ ತಲಪಬಹುದಾದವರೊಡನೆ ದುರ್ಬಲಸಂಬಂಧ ಎಂದು ಅವರು ಪುನಃ ವಿಂಗಡಿಸಿದರು. ಹೋದವರಿಗೂ ಉಳಿದವರಿಗೂ ಧ್ಯೇಯದಲ್ಲಿ ಹೆಚ್ಚಿನ ಭೇದ ಕಾಣಲಿಲ್ಲ. ಭೇದ ಕಂಡುದು ಸಂಘಗಳ ಸದಸ್ಯತ್ವದಲ್ಲಿ, ಹಿಂದಣ ಚಳವಳಿಯ ಅನುಭವದಲ್ಲಿ, ಹೋಗುವವರೊಡನೆ ಇದ್ದ ಗಾಢಸಂಬಂಧದಲ್ಲಿ. ಈ ಎರಡು ಸಂಬಂಧಗಳನ್ನೂ ‘ಪರಿಚಯವುಂಟು’ ಎಂಬ ಒಂದೇ ಸಂಜ್ಞೆಯಲ್ಲಿ ಅಡಗಿಸಿದ್ದರೆ ಈ ಸಿದ್ಧಾಂತವು ಮಸುಕಾಗುತ್ತಿತ್ತು.

ಪಾಣಿನಿಯು ಆ, ಐ, ಔ ಎಂಬ ಮೂರಕ್ಕೆ ‘ವೃದ್ಧಿ’ ಎಂಬ ಸಂಜ್ಞೆಯನ್ನಿಟ್ಟನು. ಆದರೆ ಅದು ಯಾವುದಕ್ಕೆ ಸಲ್ಲುವುದೆಂಬುದನ್ನು ಮೊದಲೇ ಹೇಳಿದನು. ಸಂಜ್ಞಾಕಾರನ ಧರ್ಮವೂ ಇದೇ. ಹೊಸ ಗುರುತನ್ನು ಹಳೆಯದರ ಮೇಲೆ ಬರೆಯದೆ ಪಕ್ಕದಲ್ಲಿ ಬರೆಯಬೇಕು. ಏಕೆ ಬದಲಿಸಿದೆನೆಂಬುದನ್ನು ನಿರೂಪಿಸಬೇಕು. ಪಾಠಾಂತರಗಳನ್ನು ಅಡಿಯಲ್ಲಿ ಕೊಡದ ಸಂಪಾದಕನ ಗ್ರಂಥವನ್ನು ನಾವು ಹೇಗೆ ಪ್ರಮಾಣವೆಂದು ಒಪ್ಪುವುದಿಲ್ಲವೋ, ಮೂಲದ ಉತ್ತರವನ್ನು ಅಳಿಸಿದ ಗಣನೆಯನ್ನೂ ಹಾಗೆಯೇ ಒಪ್ಪಲಾಗದು.