ಹಳದಿ ಎಲೆ ರೋಗಕ್ಕೆ ಔಷಧಿ ಇಲ್ಲ, ಖಿನ್ನತೆಗೆ ಇದೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ತೋಟ ನೋಡೋಕೆ ಹೋದಾಗ ನನಗೆ ಬರುವ ಪ್ರಶ್ನೆಗಳು ಹೆಚ್ಚಾಗಿ ಎಲೆಚುಕ್ಕಿ, ಕೊಳೆ, ಹಳದಿ ಎಲೆ ರೋಗದ ಬಗ್ಗೆ. ಆದರೆ ತೋಟ ನೋಡಿ ಹೊರಟಾಗ ಗೇಟಿನ ಹತ್ತಿರ ಮನೆಯವರು ಸಣ್ಣ ದನಿಯಲ್ಲಿ ಇನ್ನೊಂದು ವಿಷಯ ಹೇಳೋದುಂಟು. "ಮಗ ಮೊದಲಿನ ಹಾಗಿಲ್ಲ. ರಾತ್ರಿ ನಿದ್ದೆ ಮಾಡಲ್ಲ, ತೋಟಕ್ಕೆ ಇಳಿಯೋದೇ ಬಿಟ್ಟಿದ್ದಾನೆ. ತೋಟ ಒಂದು ಸರಿಯಾದ್ರೆ ಇವನೂ ಸರಿಯಾಗ್ತಾನೆ ಬಿಡಿ."

ಈ ಕೊನೆಯ ಮಾತು ಎಷ್ಟು ಸರಿ ಅಂತ ಈ ವಾರ ನೋಡೋಣ. ಹಳದಿ ಎಲೆ ರೋಗ ನಮ್ಮ ಭಾಗದಲ್ಲಿ ದಶಕಗಳಿಂದ ಇದೆ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಈ ರೋಗವನ್ನು ವಾಸಿ ಮಾಡುವ ಔಷಧಿ ಇಲ್ಲ. ಬಸಿಗಾಲುವೆ, ಗೊಬ್ಬರ ಸರಿಮಾಡಿ ಒಂದಷ್ಟು ವರ್ಷ ತಳ್ಳಬಹುದು, ಅಷ್ಟೇ. ತೋಟ ಸರಿಯಾಗುವ ತನಕ ಕಾಯೋದು ಅಂದರೆ ಆ ಹುಡುಗ ಎಷ್ಟು ವರ್ಷ ಕಾಯಬೇಕು? ಖಿನ್ನತೆಗೆ, ಆತಂಕಕ್ಕೆ ಚಿಕಿತ್ಸೆ ಇದೆ. ತೋಟ ಹೇಗೇ ಇದ್ದರೂ ಆ ಚಿಕಿತ್ಸೆ ಕೆಲಸ ಮಾಡತ್ತೆ. ನಾನು ವೈದ್ಯನಲ್ಲ. ಆದರೆ ತೋಟ ಮಾಡುವ ಹುಡುಗರಿಗೆ ಈ ಕಾಯಿಲೆಗಳನ್ನು ಗುರುತಿಸೋಕೆ ಬರಬೇಕು ಅಂತ ಬರೀತಿದ್ದೇನೆ.

ಬೇಜಾರು ಬೇರೆ, ಖಿನ್ನತೆ ಬೇರೆ

ಕೊಳೆ ಬಂದು ಅರ್ಧ ಫಸಲು ಉದುರಿದರೆ ಯಾರಿಗಾದರೂ ಬೇಜಾರಾಗತ್ತೆ. ನಾಲ್ಕು ದಿನ ಊಟ ಸೇರಲ್ಲ. ಆಮೇಲೆ ಯಾವುದೋ ಮದುವೆ ಮನೆಗೆ ಹೋಗಿ ನೆಂಟರ ಜೊತೆ ನಕ್ಕು ಬಂದರೆ ಸ್ವಲ್ಪ ಹಗುರ ಅನ್ನಿಸತ್ತೆ. ಇದು ಕಾಯಿಲೆ ಅಲ್ಲ.

ಖಿನ್ನತೆಗೆ ವೈದ್ಯರು ಒಂದು ಅಳತೆ ಇಟ್ಟುಕೊಂಡಿದ್ದಾರೆ. ಕನಿಷ್ಠ ಎರಡು ವಾರ, ಹೆಚ್ಚುಕಮ್ಮಿ ಪ್ರತಿದಿನ, ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿರಬೇಕು. ಇಲ್ಲವೇ ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರಬೇಕು. ಜೊತೆಗೆ ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಹಸಿವು ಕಮ್ಮಿಯಾಗುವುದು, ಏನೂ ಕೆಲಸ ಮಾಡದಿದ್ದರೂ ಸುಸ್ತು, ಸಣ್ಣ ನಿರ್ಧಾರಕ್ಕೂ ತಡವರಿಸುವುದು, ಎಲ್ಲದಕ್ಕೂ ತಾನೇ ಕಾರಣ ಅನ್ನಿಸುವುದು, ಬದುಕಿ ಏನು ಪ್ರಯೋಜನ ಎಂಬ ಯೋಚನೆ. ಇವುಗಳಲ್ಲಿ ಹಲವು ಒಟ್ಟಿಗೆ ಇದ್ದು ದಿನದ ಕೆಲಸಕ್ಕೆ ಅಡ್ಡಿ ಆಗುತ್ತಿದ್ದರೆ ಅದು ಬೇಜಾರಲ್ಲ, ಖಿನ್ನತೆ ಇರಬಹುದು.

ತೋಟದಲ್ಲಿ ಇದು ಹೇಗೆ ಕಾಣತ್ತೆ? ಮೈಲುತುತ್ತ, ಸುಣ್ಣ ತಂದಿಟ್ಟು ತಿಂಗಳಾಗಿದೆ, ಬೋರ್ಡೋ ಹೊಡೆಸಿಲ್ಲ. ಕೊನೆಗಾರನಿಗೆ ಫೋನ್ ಮಾಡಿಲ್ಲ. ಸೊಸೈಟಿಯಿಂದ ಬಂದ ಪತ್ರ ಒಡೆದೇ ನೋಡಿಲ್ಲ. ಮನೆಯಲ್ಲಿ ಇದಕ್ಕೆ ಸೋಮಾರಿತನ ಅಂತ ಹೆಸರಿಡ್ತಾರೆ. ಸೋಮಾರಿಗೆ ಕೆಲಸ ಬಿಟ್ಟಿದ್ದಕ್ಕೆ ಚಿಂತೆ ಇರಲ್ಲ. ಖಿನ್ನತೆ ಇರುವವನು ಮಾತ್ರ ಅದೇ ಕೆಲಸಕ್ಕಾಗಿ ರಾತ್ರಿಯಿಡೀ ತನ್ನನ್ನು ತಾನೇ ಬೈದುಕೊಳ್ತಿರ್ತಾನೆ.

ಆತಂಕ, ಗಾಬರಿ

ಧಾರಣೆ ಏನಾಗತ್ತೋ, ಮಳೆ ಏನಾಗತ್ತೋ, ಆನೆ ಬರತ್ತೋ ಎಂಬ ಚಿಂತೆ ಮಲೆನಾಡಿನಲ್ಲಿ ಎಲ್ಲರಿಗೂ ಇದೆ. ಆ ಚಿಂತೆಯನ್ನು ನಿಲ್ಲಿಸೋಕೇ ಆಗದೆ, ಒಂದು ಮುಗಿದರೆ ಇನ್ನೊಂದು ಅಂತ ತಿಂಗಳುಗಟ್ಟಲೆ ನಡೆದು, ಮೈ ಬಿಗಿತ, ಸಿಡುಕು, ನಿದ್ದೆಗೇಡು ಸೇರಿಕೊಂಡರೆ ಅದು ಆತಂಕದ ಕಾಯಿಲೆ.

ಕೆಲವರಿಗೆ ಇದು ಇದ್ದಕ್ಕಿದ್ದ ಹಾಗೆ ಬರತ್ತೆ. ಎದೆ ಡವಡವ, ಬೆವರು, ಉಸಿರು ಕಟ್ಟಿದ ಹಾಗೆ, ಈಗಲೇ ಸತ್ತುಹೋಗ್ತೀನಿ ಎಂಬ ಭಯ. ಕೆಲವೇ ನಿಮಿಷದಲ್ಲಿ ಏರಿ, ಆಮೇಲೆ ತಾನಾಗಿ ಇಳಿಯತ್ತೆ. ಇದನ್ನು ಪ್ಯಾನಿಕ್ ಅಟ್ಯಾಕ್ ಅಂತಾರೆ. ಆದರೆ ಮೊದಲ ಸಲ ಎದೆ ನೋವು, ಉಸಿರಾಟದ ತೊಂದರೆ ಬಂದಾಗ ಇದು ಗಾಬರಿ, ಇದು ಗ್ಯಾಸ್ಟ್ರಿಕ್ ಅಂತ ನೀವೇ ತೀರ್ಮಾನ ಮಾಡಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಹೃದಯ ಸರಿ ಇದೆ ಅಂತ ಗೊತ್ತಾದ ಮೇಲೂ ಮತ್ತೆಮತ್ತೆ ಹಾಗೇ ಆದರೆ ಮನೋವೈದ್ಯರನ್ನು ನೋಡಿ.

ಹಳ್ಳಿಯಲ್ಲಿ ಮನಸ್ಸಿನ ಕಾಯಿಲೆ ಬಹಳ ಸಲ ಮೈಯ ಮೂಲಕವೇ ಮಾತಾಡತ್ತೆ. ತಲೆಭಾರ, ಹೊಟ್ಟೆ ಉರಿ, ಕೈಕಾಲು ಸೆಳೆತ ಅಂತ ಮಾತ್ರೆ ನುಂಗುತ್ತಾ ವರ್ಷ ಕಳೆಯುವವರಿದ್ದಾರೆ. ಹೆರಿಗೆಯಾದ ಮೇಲೆ ಬಾಣಂತಿ ಸುಮ್ಮಸುಮ್ಮನೆ ಅಳುವುದು, ಮಗುವಿನ ಮೇಲೆ ಮನಸ್ಸೇ ಹೋಗದಿರುವುದು ಎರಡು ವಾರ ದಾಟಿದರೆ ಅದೂ ಖಿನ್ನತೆ ಇರಬಹುದು.

ಕಾರಣ ಒಂದೇ ಅಲ್ಲ

ಎಲೆ ಹಳದಿಯಾದ ಮಾತ್ರಕ್ಕೆ ಹಳದಿ ಎಲೆ ರೋಗ ಅನ್ನೋಕಾಗಲ್ಲ. ನೀರು ನಿಂತರೂ, ಪೋಷಕಾಂಶ ಕಮ್ಮಿಯಾದರೂ ಎಲೆ ಹಳದಿಯಾಗತ್ತೆ. ಇಲ್ಲೂ ಹಾಗೇ. ಥೈರಾಯ್ಡ್ ತೊಂದರೆ, ರಕ್ತಹೀನತೆ, ಬಿ12 ಕೊರತೆಯಿಂದಲೂ ಸುಸ್ತು, ಮಂಕು ಬರಬಹುದು. ಅದಕ್ಕೇ ವೈದ್ಯರು ಮೊದಲು ರಕ್ತ ಪರೀಕ್ಷೆ ಬರೆಯೋದು.

ಉಳಿದಂತೆ ಹಲವು ಕಾರಣ ಸೇರಿ ಕಾಯಿಲೆ ಆಗತ್ತೆ. ಮನೆತನದಲ್ಲಿ ಯಾರಿಗಾದರೂ ಇದ್ದರೆ ಸಾಧ್ಯತೆ ಸ್ವಲ್ಪ ಹೆಚ್ಚು. ಮೇಲಿಂದ ಮೇಲೆ ನಷ್ಟ, ಸಾಲ, ಹತ್ತಿರದವರ ಸಾವು ಅದನ್ನು ಹೊರಗೆ ಎಳೆಯಬಹುದು. ನಮ್ಮ ಕಡೆ ಇನ್ನೂ ಕೆಲವು ಸೇರ್ತವೆ. ಜೊತೆಗೆ ಓದಿದವರೆಲ್ಲ ಬೆಂಗಳೂರು ಸೇರಿದ್ದಾರೆ. ತೋಟ ಮಾಡುವ ಹುಡುಗನಿಗೆ ಹೆಣ್ಣು ಸಿಗ್ತಿಲ್ಲ. ಮನೆಯಿಂದ ಮನೆಗೆ ಅರ್ಧ ಮೈಲಿ, ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ದಿನಗಟ್ಟಲೆ ಇನ್ನೊಬ್ಬರ ಮುಖ ಕಾಣದೆ ಇರುವುದು ಸಣ್ಣ ವಿಷಯ ಅಲ್ಲ.

ಕುಡಿತ ಇದಕ್ಕೆ ಪರಿಹಾರ ಅಂತ ಶುರುವಾಗತ್ತೆ. ಮದ್ಯ ನಿದ್ದೆಯನ್ನೂ ಮನಸ್ಸನ್ನೂ ಇನ್ನಷ್ಟು ಕೆಡಿಸತ್ತೆ. ಆದರೆ ಪ್ರತಿದಿನ ಜಾಸ್ತಿ ಕುಡಿಯುವವರನ್ನು ಹಟ ಹಿಡಿದು ಒಂದೇ ದಿನಕ್ಕೆ ಬಿಡಿಸಬೇಡಿ. ಕೈ ನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯ ಆಗಬಹುದು. ವೈದ್ಯರ ನಿಗಾದಲ್ಲಿ ಬಿಡಿಸಬೇಕು.

ಎಷ್ಟು ಜನಕ್ಕೆ?

ನಿಮ್ಹಾನ್ಸ್ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ವಯಸ್ಕರಲ್ಲಿ ಶೇಕಡಾ 10.6ರಷ್ಟು ಜನಕ್ಕೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಇಪ್ಪತ್ತರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿತ್ತು. ಖಿನ್ನತೆ ಇದ್ದ ನೂರರಲ್ಲಿ ಸುಮಾರು 85 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನನ್ನ ಲೆಕ್ಕದಲ್ಲಿ ದೊಡ್ಡ ನಷ್ಟ ಇದೇ.

ಚಿಕಿತ್ಸೆ ಅಂದರೆ ಏನು?

ಕಾಯಿಲೆ ಸಣ್ಣದಿದ್ದರೆ ಆಪ್ತಸಮಾಲೋಚನೆ, ಅಂದರೆ ತರಬೇತಿ ಆದವರ ಜೊತೆ ಮಾತುಕತೆಯೇ ಸಾಕಾಗಬಹುದು. ಜಾಸ್ತಿ ಇದ್ದರೆ ಮಾತ್ರೆಯೂ ಬೇಕು. ಖಿನ್ನತೆಯ ಮಾತ್ರೆ ಜ್ವರದ ಮಾತ್ರೆ ಹಾಗೆ ಅವತ್ತೇ ಕೆಲಸ ಮಾಡಲ್ಲ, ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳೆಸಿದ ಹಾಗೆ ಆಯ್ತು, ಗುಣ ಕಾಣಲಿಲ್ಲ ಅಂತ ಬಹಳ ಜನ ಅಲ್ಲೇ ಬಿಡ್ತಾರೆ. ಹುಷಾರಾದ ಮೇಲೂ ಕೆಲವು ತಿಂಗಳು ಮುಂದುವರಿಸಬೇಕು, ನಿಲ್ಲಿಸುವಾಗ ವೈದ್ಯರು ಹೇಳಿದ ಹಾಗೆ ನಿಧಾನಕ್ಕೆ ಕಡಿಮೆ ಮಾಡಬೇಕು. ಈ ಮಾತ್ರೆಗಳು ಮದ್ಯದ ಹಾಗೆ ಚಟ ಹಿಡಿಸುವಂಥವಲ್ಲ. ಚಟ ಹಿಡಿಯಬಹುದಾದದ್ದು ಕೆಲವು ನಿದ್ದೆ ಮಾತ್ರೆ. ಚೀಟಿ ಇಲ್ಲದೆ ಮೆಡಿಕಲ್ ಶಾಪಿಂದ ಅದನ್ನು ತರಬೇಡಿ.

ಚೌಡಿಗೆ ಹರಕೆ ಹೊತ್ತಿದ್ದರೆ ತೀರಿಸಿ, ಮನಸ್ಸಿಗೆ ಧೈರ್ಯ ಬರಬಹುದು. ಆಸ್ಪತ್ರೆಗೆ ಹೋಗೋದನ್ನು ಅದಕ್ಕಾಗಿ ಮುಂದೂಡಬೇಡಿ.

ಎಲ್ಲಿಗೆ ಹೋಗಬೇಕು?

ಹಳ್ಳಿಯವರಿಗೆ ಹತ್ತಿರದಲ್ಲೇ ಮಾನಸಿಕ ಚಿಕಿತ್ಸೆ ಸಿಗಬೇಕು ಎಂಬ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿತ್ತು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ. ಯಾವ ಮಂಗಳವಾರ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ.

ಆಸ್ಪತ್ರೆಯಲ್ಲಿ ಯಾರಾದರೂ ನೋಡಿಯಾರು ಅಂತ ಹಿಂಜರಿಕೆ ಇದ್ದರೆ ಫೋನ್ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಸಹಾಯವಾಣಿಯ ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಸಿಗ್ನಲ್ ಇಲ್ಲದಿದ್ದರೆ ಸಿಗುವ ಗುಡ್ಡಕ್ಕೆ ಹೋಗಿ ಮಾಡಿ. ಓದಿ ತಿಳಿಯಬೇಕು ಅನ್ನುವವರಿಗೆ ನಿಮ್ಹಾನ್ಸ್‌ನಲ್ಲಿದ್ದ, 2024ರಲ್ಲಿ ಪದ್ಮಶ್ರೀ ಪಡೆದ ಡಾ. ಸಿ. ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳು ಬಹಳ ಇವೆ.

ಜೀವದ ಪ್ರಶ್ನೆ

"ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೇದು" ಅಂತ ಯಾರಾದರೂ ಅಂದರೆ ತಮಾಷೆ ಅಂದುಕೊಳ್ಳಬೇಡಿ. "ಸಾಯುವ ಯೋಚನೆ ಬರ್ತಿದೆಯಾ ಮಾರಾಯ?" ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟಲ್ಲ, ಹೇಳಿಕೊಂಡು ಹಗುರ ಆಗ್ತಾರೆ. ಹೌದು ಅಂದರೆ ಬುದ್ಧಿ ಹೇಳೋಕೆ ಹೋಗದೆ ಕೇಳಿಸಿಕೊಳ್ಳಿ, ಒಬ್ಬರನ್ನೇ ಬಿಡಬೇಡಿ, ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ತೋಟದ ಮನೆಯಲ್ಲಿ ಇನ್ನೊಂದು ಕೆಲಸ ಇದೆ. ಕಳೆನಾಶಕ, ಕೀಟನಾಶಕಗಳನ್ನು ಕೊಟ್ಟಿಗೆಯ ಅಟ್ಟದ ಮೇಲೆ, ಪಂಪಿನ ಪಕ್ಕ ಬಿಡಬೇಡಿ. ಬೀಗ ಹಾಕಿ, ಕೀಲಿ ಬೇರೆಯವರ ಹತ್ತಿರ ಇರಲಿ. ಸಾಯಬೇಕು ಎಂಬ ತೀವ್ರ ಯೋಚನೆ ಬಹಳ ಸಲ ಸ್ವಲ್ಪ ಹೊತ್ತಿನದು, ಆ ಹೊತ್ತಿಗೆ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯತ್ತೆ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರಿಂದ ಎರಡು ದಶಕದಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಶೇಕಡಾ 70ರಷ್ಟು ಇಳಿಯಿತು.

ಪೊಲೀಸ್ ಕೇಸಾಗತ್ತೆ ಅಂತ ಹೆದರಿ ಆಸ್ಪತ್ರೆಗೆ ತಡವಾಗಿ ಹೋಗುವುದೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು. ಹಾಗಲ್ಲ ಎಂದು ಸಾಬೀತಾಗದ ಹೊರತು ಶಿಕ್ಷೆ ಇಲ್ಲ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ.

ಇವತ್ತು 14416 ಅನ್ನು ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಔಷಧಿ ಡಬ್ಬಗಳಿಗೆ ಬೀಗ ಹಾಕಿ. ಈ ಲೇಖನ ಓದುವಾಗ ನಿಮಗೆ ಯಾರಾದರೂ ನೆನಪಾಗಿದ್ದರೆ, ವಾಟ್ಸಾಪಲ್ಲಿ ಕಳಿಸಿ ಸುಮ್ಮನಾಗಬೇಡಿ, ಬೈಕ್ ಹತ್ತಿ ಅವರ ಮನೆಗೆ ಒಂದು ಸಲ ಹೋಗಿಬನ್ನಿ.